ಮುಂದಿನ ಪುಟ ಎಲ್ಲಿಂದ ಶುರು?

ಬೀದರ್ ಜಿಲ್ಲೆಯಲ್ಲಿ ಬಹಳ ಕಾಲ ಇದ್ದದ್ದು ಐದೇ ತಾಲ್ಲೂಕು. ಔರಾದಿನಿಂದ ಕಮಲನಗರ, ಹುಮನಾಬಾದಿನಿಂದ ಚಿಟಗುಪ್ಪ, ಬಸವಕಲ್ಯಾಣದಿಂದ ಹುಲಸೂರು ಬೇರೆಯಾದ ಮೇಲೆ ಅವು ಎಂಟಾದವು. ಈ ಎಂಟು ಹೆಸರುಗಳನ್ನು ಮೊಬೈಲ್ ಪರದೆಯಲ್ಲಿ ಪುಟಕ್ಕೆ ನಾಲ್ಕರಂತೆ ತೋರಿಸಬೇಕಾಗಿದೆ ಅಂದುಕೊಳ್ಳಿ. ಎರಡೇ ಪುಟದ ಕೆಲಸ. ಮೊದಲ ಪುಟದಲ್ಲಿ ಯಾವ ನಾಲ್ಕು ಬರುತ್ತವೆ?

ಕನ್ನಡ ಅಕಾರಾದಿಯಲ್ಲಿ ಜೋಡಿಸಿದರೆ ಔರಾದ್, ಕಮಲನಗರ, ಚಿಟಗುಪ್ಪ, ಬಸವಕಲ್ಯಾಣ. ಬೀದರ್, ಭಾಲ್ಕಿ, ಹುಮನಾಬಾದ್, ಹುಲಸೂರು ಎರಡನೇ ಪುಟಕ್ಕೆ ಹೋಗುತ್ತವೆ. ಅದೇ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಜೋಡಿಸಿದರೆ ಔರಾದ್, ಬಸವಕಲ್ಯಾಣ, ಭಾಲ್ಕಿ, ಬೀದರ್ ಮೊದಲ ಪುಟಕ್ಕೆ ಬರುತ್ತವೆ. ಕನ್ನಡದಲ್ಲಿ ಎರಡನೆಯದಾಗಿದ್ದ ಕಮಲನಗರ ಕಟ್ಟಕಡೆಗೆ ಬೀಳುತ್ತದೆ. ಬೀದರ್ ಮತ್ತು ಭಾಲ್ಕಿ ಜಾಗ ಅದಲುಬದಲಾಗುತ್ತವೆ. ಹುಮನಾಬಾದ್ ಮತ್ತು ಹುಲಸೂರಿನ ಕಥೆಯೂ ಅದೇ. ಇನ್ನು ವಿಧಾನಸಭಾ ಕ್ಷೇತ್ರಗಳ ಸಂಖ್ಯೆಯನ್ನು ಹಿಡಿದರೆ ಬಸವಕಲ್ಯಾಣ 47, ಬೀದರ್ 50, ಭಾಲ್ಕಿ 51, ಔರಾದ್ 52. ಎರಡೂ ಅಕ್ಷರಮಾಲೆಯಲ್ಲಿ ತಲೆಯಲ್ಲಿದ್ದ ಔರಾದ್ ಇಲ್ಲಿ ಬಾಲದಲ್ಲಿದೆ.

ದಾಖಲೆಗಳಲ್ಲಿ ಪುಟ ಅನ್ನುವುದೇ ಇಲ್ಲ. ಡೇಟಾಬೇಸಿನೊಳಗೆ ಎಷ್ಟು ತಡಕಾಡಿದರೂ ‘ಎರಡನೇ ಪುಟ’ ಸಿಗುವುದಿಲ್ಲ. ಯಾವುದೋ ಒಂದು ಕ್ರಮವನ್ನು ನಾವು ಹೇಳಬೇಕು, ಆ ಕ್ರಮದಲ್ಲಿ ಎಲ್ಲಿ ಕತ್ತರಿ ಹಾಕಬೇಕೆಂದೂ ಹೇಳಬೇಕು. ಆಗ ಮಾತ್ರ ಪುಟ ಹುಟ್ಟುತ್ತದೆ. ಇವತ್ತಿನ ಬಹುಪಾಲು ಡೇಟಾಬೇಸುಗಳಿಗೆ ತಳಹದಿಯಾದ ಪ್ರಬಂಧವನ್ನು ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದಾಗ ಒಂದು ಕೋಷ್ಟಕದ ಸಾಲುಗಳಿಗೆ ತಮ್ಮದೇ ಆದ ಕ್ರಮವಿಲ್ಲ ಎಂಬುದನ್ನು ಮೂಲ ನಿಯಮದಂತೆ ಇಟ್ಟಿದ್ದರು. ಕ್ರಮ ಹೇಳದೆ ‘ಇಪ್ಪತ್ತು ಸಾಲು ಕೊಡು’ ಎಂದು ಕೇಳಿದರೆ ಡೇಟಾಬೇಸ್ ಯಾವ ಇಪ್ಪತ್ತನ್ನಾದರೂ ಕೊಡಬಹುದು. ನಾಳೆ ಅದೇ ಪ್ರಶ್ನೆಗೆ ಬೇರೆ ಇಪ್ಪತ್ತನ್ನು ಕೊಟ್ಟರೂ ತಪ್ಪಲ್ಲ.

ಕನ್ನಡದ ಕ್ರಮವನ್ನು ಹೇಳುವಾಗಲೂ ಎಚ್ಚರ ಬೇಕು. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ: ‘ಲ’ 3250, ‘ಳ’ 3251, ‘ವ’ 3253, ‘ಹ’ 3257. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ಬರೀ ಸಂಖ್ಯೆಯನ್ನು ನೋಡಿ ಜೋಡಿಸುವ ತಂತ್ರಾಂಶ ಕಳಕಪ್ಪನನ್ನು ಕಸ್ತೂರಿಗಿಂತ ಮೊದಲು ಕೂರಿಸುತ್ತದೆ, ನಿಘಂಟು ನೋಡಿ ರೂಢಿಯಾದವರು ಅವನನ್ನು ಆಮೇಲೆ ಹುಡುಕುತ್ತಾರೆ. ಸಾವಿರಾರು ಹೆಸರುಗಳ ಪಟ್ಟಿಯಲ್ಲಿ ಈ ಒಂದಕ್ಷರದ ವ್ಯತ್ಯಾಸ ಹಲವು ಪುಟಗಳ ಅಂತರವಾಗಿಬಿಡಬಹುದು.

ಎಣಿಸಿ ಬಿಸಾಡುವ ಲೆಕ್ಕ

ಪುಟಗಳೇ ಬೇಡ, ಎಲ್ಲವನ್ನೂ ಒಟ್ಟಿಗೇ ತೋರಿಸಿದರೆ ಏನಾಗುತ್ತದೆ? ಒಂದು ದಾಖಲೆಗೆ 500 ಬೈಟ್ ಹಿಡಿದರೂ ಒಂದು ಲಕ್ಷ ದಾಖಲೆಗೆ 50 ಎಂಬಿ ಬೇಕು. ಸರ್ವರ್ ಅಷ್ಟನ್ನೂ ಓದಿ, ಕಟ್ಟಿ, ಕಳಿಸಬೇಕು. ಔರಾದಿನ ಗಡಿಹಳ್ಳಿಯಲ್ಲಿ ಎರಡು ಕಡ್ಡಿ ಸಿಗ್ನಲ್ ಹಿಡಿದು ಕೂತ ಫೋನು ಅದನ್ನು ಇಳಿಸಿಕೊಳ್ಳಬೇಕು. ಕಣ್ಣಿಗೆ ಬೀಳುವುದು ಮೇಲಿನ ಹತ್ತಿಪ್ಪತ್ತು ಸಾಲು ಮಾತ್ರ. ಇಪ್ಪತ್ತೇ ದಾಖಲೆ ಕಳಿಸಿದರೆ 10 ಕೆಬಿಯಲ್ಲಿ ಮುಗಿಯಿತು. ಕಂಪ್ಯೂಟರ್ ಸೆಂಟರಿನಲ್ಲಿ ‘ಸರ್ವರ್ ಇಲ್ರೀ, ನಾಳಿ ಬರ್ರಿ’ ಅನ್ನುವ ಮಾತು ಕೇಳಿದಾಗಲೆಲ್ಲ ಸರ್ವರ್ ನಿಜಕ್ಕೂ ಕೆಟ್ಟಿರುತ್ತದೆ ಎಂದಲ್ಲ. ಕೇಳಬಾರದಷ್ಟನ್ನು ಕೇಳಿಸಿಕೊಂಡು ಅದು ಸುಸ್ತಾಗಿರಲೂಬಹುದು.

ಹಾಗಾಗಿ ವೆಬ್ ತಂತ್ರಾಂಶ ಬರೆಯುವವರು ಮೊದಲು ಕಲಿಯುವ ಉಪಾಯ ಎರಡು ಸಂಖ್ಯೆಗಳದ್ದು. ಒಂದು ಲಿಮಿಟ್, ಅಂದರೆ ಎಷ್ಟು ಸಾಲು ಬೇಕು. ಇನ್ನೊಂದು ಆಫ್‌ಸೆಟ್, ಅಂದರೆ ಮೊದಲಿನ ಎಷ್ಟು ಸಾಲು ಬಿಟ್ಟು ಕೊಡಬೇಕು. ಪುಟಕ್ಕೆ ಇಪ್ಪತ್ತಾದರೆ ಮೂರನೇ ಪುಟಕ್ಕೆ ‘40 ಬಿಡು, 20 ಕೊಡು’. ಬರೆಯುವುದು ಸುಲಭ, ತಲೆಗೆ ಹತ್ತುವುದೂ ಸುಲಭ. ಪರದೆಯ ಕೆಳಗೆ 1, 2, 3 ಎಂದು ಬರುವ ಗುಂಡಿಗಳ ಹಿಂದೆ ಬಹುಮಟ್ಟಿಗೆ ಇರುವುದು ಇದೇ.

‘ಬಿಡು’ ಅನ್ನುವುದು ಡೇಟಾಬೇಸಿಗೆ ಪುಕ್ಕಟೆ ಕೆಲಸವಲ್ಲ, ತೊಡಕು ಇರುವುದು ಅಲ್ಲಿ. ಸಾವಿರನೇ ಪುಟ ಬೇಕೆಂದರೆ ಅದು ಮೊದಲಿನಿಂದ 20,000 ಸಾಲು ನಡೆದು, 19,980ನ್ನು ಬಿಸಾಡಿ, ಉಳಿದ ಇಪ್ಪತ್ತನ್ನು ಕೊಡುತ್ತದೆ. ಒಂದು ಲಕ್ಷ ದಾಖಲೆಯ ಪಟ್ಟಿಯಲ್ಲಿ ಪುಟಕ್ಕೆ ಇಪ್ಪತ್ತರಂತೆ 5,000 ಪುಟಗಳು. ಒಬ್ಬರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೊಂದಾಗಿ ತಿರುವಿದರೆ ಡೇಟಾಬೇಸ್ ದಾಟುವ ಒಟ್ಟು ಸಾಲುಗಳು 25 ಕೋಟಿಗೂ ಹೆಚ್ಚು. ಇರುವುದು ಒಂದು ಲಕ್ಷ, ನಡೆದದ್ದು 25 ಕೋಟಿ. ಪಟ್ಟಿ ಎರಡು ಪಟ್ಟಾದರೆ ಈ ನಡಿಗೆ ನಾಲ್ಕು ಪಟ್ಟಾಗುತ್ತದೆ. ಪರೀಕ್ಷೆಗೆ ಇಟ್ಟ ನೂರು ದಾಖಲೆಗಳಲ್ಲಿ ಈ ದೋಷ ಕಾಣುವುದೇ ಇಲ್ಲ, ಜಿಲ್ಲೆಯ ಅಷ್ಟೂ ದಾಖಲೆ ತುಂಬಿದ ಮೇಲೆ ಹೊರಬೀಳುತ್ತದೆ.

ಕೈತಪ್ಪಿದ ನಲವತ್ತು ಅರ್ಜಿ

ನಿಧಾನವಾದರೂ ಪರವಾಗಿಲ್ಲ, ಉತ್ತರ ಸರಿಯಾಗಿದ್ದರೆ ಸಾಕು ಎನ್ನಬಹುದು. ಉತ್ತರವೂ ತಪ್ಪಬಹುದು ಎನ್ನುವುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ.

ಭಾಲ್ಕಿಯ ಒಂದು ಕಚೇರಿ. ಜಾತಿ–ಆದಾಯ ಪ್ರಮಾಣಪತ್ರದ 100 ಅರ್ಜಿಗಳು ಬಾಕಿ ಇವೆ. ಪರದೆಯ ಮೇಲೆ ‘ಬಾಕಿ ಅರ್ಜಿಗಳು’, ಪುಟಕ್ಕೆ 20. ಅಧಿಕಾರಿ ಮೊದಲ ಪುಟದ ಇಪ್ಪತ್ತನ್ನೂ ಪರಿಶೀಲಿಸಿ ಒಪ್ಪಿಗೆ ಕೊಟ್ಟರು. ಈಗ ‘2’ ಒತ್ತಿದರು. ಸರ್ವರಿಗೆ ಹೋದ ಆದೇಶ: ಬಾಕಿ ಇರುವವುಗಳಲ್ಲಿ ಮೊದಲ 20 ಬಿಡು, ಮುಂದಿನ 20 ಕೊಡು. ಆದರೆ ವಿಲೇವಾರಿಯಾದ ಇಪ್ಪತ್ತು ಆಗಲೇ ಬಾಕಿ ಪಟ್ಟಿಯಿಂದ ಹೊರಗಿವೆ. ಈಗಿನ ಮೊದಲ ಇಪ್ಪತ್ತು ಎಂದರೆ 21ರಿಂದ 40. ಅವನ್ನು ಬಿಟ್ಟು ಸರ್ವರ್ 41ರಿಂದ 60 ತೋರಿಸುತ್ತದೆ. ಅಧಿಕಾರಿ ಅವನ್ನೂ ಮುಗಿಸಿ ‘3’ ಒತ್ತುತ್ತಾರೆ. ಈಗ ಉಳಿದಿರುವುದು 60. ಅದರಲ್ಲಿ ಮೊದಲ ನಲವತ್ತನ್ನು ಬಿಟ್ಟರೆ ಬರುವುದು 81ರಿಂದ 100. ಅದೂ ಮುಗಿಯಿತು. ‘4’ ಒತ್ತಿದರೆ ಪುಟ ಖಾಲಿ.

ಅಧಿಕಾರಿಯ ಮಟ್ಟಿಗೆ ಕೆಲಸ ಮುಗಿದಿದೆ. ಅತ್ತ 21ರಿಂದ 40, 61ರಿಂದ 80, ಒಟ್ಟು ನಲವತ್ತು ಅರ್ಜಿಗಳು ಅವರ ಕಣ್ಣಿಗೇ ಬಿದ್ದಿಲ್ಲ. ಯಾರೂ ಸೋಮಾರಿತನ ಮಾಡಿಲ್ಲ, ಯಾರೂ ಅರ್ಜಿ ಅಡಗಿಸಿಲ್ಲ. ಇದೇ ದೋಷದ ತಿರುವುಮುರುವು ರೂಪವೂ ಇದೆ. ಹೊಸ ಅರ್ಜಿಗಳು ಮೇಲೆ ಬಂದು ಕೂರುವ ಪಟ್ಟಿಯಲ್ಲಿ, ಮೊದಲ ಪುಟ ಓದುತ್ತಿರುವಾಗ ಮೂರು ಅರ್ಜಿ ಬಂದರೆ, ಎರಡನೇ ಪುಟದ ತಲೆಯಲ್ಲಿ ಆಗಲೇ ನೋಡಿದ ಮೂರು ಮತ್ತೆ ಕಾಣಿಸುತ್ತವೆ. ಎರಡು ಸಲ ಕಂಡದ್ದು ಗೊತ್ತಾಗುತ್ತದೆ. ಒಮ್ಮೆಯೂ ಕಾಣದ್ದು ಗೊತ್ತಾಗುವುದು ಅರ್ಜಿದಾರರು ಬಂದು ಜಗಳ ತೆಗೆದಾಗಲೇ.

ಎರಡೂ ತಪ್ಪಿನ ಬೇರು ಒಂದೇ. ನಾವು ಎಲ್ಲಿ ನಿಂತಿದ್ದೆವು ಎಂಬುದನ್ನು ತಲೆಯಿಂದ ಎಣಿಸಿ ಗುರುತಿಟ್ಟುಕೊಂಡಿದ್ದೆವು. ಪಟ್ಟಿ ಕದಲಿದ ಕೂಡಲೇ ಎಣಿಕೆ ಬೇರೊಂದು ಜಾಗವನ್ನು ತೋರಿಸತೊಡಗಿತು.

ಗವಾನನ ಕಾಲದ ಹಸ್ತಪ್ರತಿ

ಬೀದರ್ ನಗರದ ನಡುವೆ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆ. ಬಹಮನಿ ಸುಲ್ತಾನರ ಈ ಮಂತ್ರಿ ಪರ್ಷಿಯಾದಿಂದ ಬಂದವನು. ಬಣ್ಣದ ಹೆಂಚು ಕೂರಿಸಿದ ಮಿನಾರಿನ ಈ ವಿದ್ಯಾಲಯದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎಂಬ ಮಾತಿದೆ. ಆ ಕಾಲದ ಪಾರ್ಸಿ, ಅರಬ್ಬಿ ಹಸ್ತಪ್ರತಿಗಳಲ್ಲಿ ಹಾಳೆಗೆ ಸಂಖ್ಯೆ ಹಾಕುವುದಕ್ಕಿಂತ ಬೇರೊಂದು ರೂಢಿ ಹೆಚ್ಚು ಬಳಕೆಯಲ್ಲಿತ್ತು. ಲಿಪಿಕಾರ ಬಲಗಡೆಯ ಪುಟ ಮುಗಿದೊಡನೆ ಅದರ ಕೆಳಮೂಲೆಯಲ್ಲಿ ಎದುರಿನ ಪುಟದ ಮೊದಲ ಪದವನ್ನು ಸಣ್ಣದಾಗಿ, ಓರೆಯಾಗಿ ಬರೆದಿಡುತ್ತಿದ್ದ. ಹೊಲಿಗೆ ಬಿಚ್ಚಿ ಹಾಳೆಗಳು ಚೆಲ್ಲಾಪಿಲ್ಲಿಯಾದರೂ ಪುಸ್ತಕ ಕಟ್ಟುವವನು ಆ ಪದದಿಂದ ಶುರುವಾಗುವ ಹಾಳೆಯನ್ನು ಹುಡುಕಿ ಪಕ್ಕಕ್ಕಿಡುತ್ತಿದ್ದ. ನಡುವೆ ಒಂದು ಹಾಳೆ ಕಳೆದಿದ್ದರೆ ಅದೂ ತಟ್ಟನೆ ತಿಳಿಯುತ್ತಿತ್ತು.

ನಮ್ಮ ತಾಳೆಗರಿಯ ಕಟ್ಟುಗಳಲ್ಲಿ ಗರಿಯ ಅಂಚಿಗೆ ಅಂಕಿ ಬರೆಯುವ ಪದ್ಧತಿ. ಅದೂ ಗಟ್ಟಿಯಾದದ್ದೇ, ಏಕೆಂದರೆ ಬರೆದ ಅಂಕಿ ಆ ಗರಿಗೆ ಅಂಟಿಕೊಂಡಿರುತ್ತದೆ. ಮೂರನೇ ಗರಿ ಮುರಿದು ಹೋದರೂ ನಾಲ್ಕನೆಯದು ನಾಲ್ಕನೆಯದೇ. ಆಫ್‌ಸೆಟ್ಟಿನ ಅಂಕಿ ಇವೆರಡರಂತೆಯೂ ಅಲ್ಲ. ಅದು ಯಾವ ದಾಖಲೆಗೂ ಅಂಟಿಕೊಂಡಿಲ್ಲ, ಪ್ರತಿ ಸಲವೂ ತಲೆಯಿಂದ ಹೊಸದಾಗಿ ಎಣಿಸಿದರೆ ಎಷ್ಟನೆಯದೋ ಅಷ್ಟು.

ಲಿಪಿಕಾರನ ಉಪಾಯವನ್ನೇ ವೆಬ್ ತಂತ್ರಾಂಶದಲ್ಲೂ ಮಾಡಬಹುದು. ಪುಟ ಕಳಿಸುವಾಗ ಸರ್ವರ್ ಕೊನೆಯ ದಾಖಲೆಯ ಗುರುತನ್ನೂ ಜೊತೆಗೆ ಕಳಿಸುತ್ತದೆ. ‘ಮುಂದೆ’ ಒತ್ತಿದಾಗ ಆ ಗುರುತು ಸರ್ವರಿಗೆ ವಾಪಸು ಹೋಗುತ್ತದೆ: ‘ಇಂಥ ಅರ್ಜಿ ಸಂಖ್ಯೆಯ ನಂತರದ ಇಪ್ಪತ್ತು ಕೊಡು’. ಈ ಗುರುತಿಗೆ ಕರ್ಸರ್ ಎನ್ನುತ್ತಾರೆ. ಭಾಲ್ಕಿಯ ಆ ಅಧಿಕಾರಿ ಮೊದಲ ಇಪ್ಪತ್ತನ್ನು ವಿಲೇವಾರಿ ಮಾಡಿ ಮುಂದೆ ಹೋದರೆ ಸರ್ವರಿಗೆ ಸಿಗುವ ಪ್ರಶ್ನೆ ‘20ನೇ ಸಂಖ್ಯೆಯ ಅರ್ಜಿಯ ನಂತರದವು ಯಾವುವು’ ಎಂಬುದು. ಹಿಂದಿನವು ಪಟ್ಟಿಯಲ್ಲಿ ಉಳಿದಿದ್ದರೂ ಒಂದೇ, ಹೋಗಿದ್ದರೂ ಒಂದೇ. ಉತ್ತರ 21ರಿಂದಲೇ ಶುರುವಾಗುತ್ತದೆ.

ಮೂರು ಮೆಟ್ಟಿಲಲ್ಲಿ ಎರಡು ಕೋಟಿ

ಹೀಗೆ ಕೇಳಿದಾಗ ಉತ್ತರ ಸರಿಯಾಗುವುದಷ್ಟೇ ಅಲ್ಲ, ಬೇಗವೂ ಬರುತ್ತದೆ. ಕಾರಣ ಇಂಡೆಕ್ಸಿನ, ಅಂದರೆ ದಾಖಲೆಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಯ, ರಚನೆಯಲ್ಲಿದೆ. ಬೋಯಿಂಗ್ ಕಂಪನಿಯಲ್ಲಿ ಸಂಶೋಧಕರಾಗಿದ್ದ ರುಡಾಲ್ಫ್ ಬಾಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ರೂಪಿಸಿ, 1972ರಲ್ಲಿ ವಿವರವಾಗಿ ಪ್ರಕಟಿಸಿದ ಬಿ–ಟ್ರೀ ಎಂಬ ವ್ಯವಸ್ಥೆ ಇಂದಿಗೂ ಬಹುತೇಕ ಡೇಟಾಬೇಸುಗಳ ಬೆನ್ನೆಲುಬು. ಡಿಸ್ಕಿನ ಒಂದೊಂದು ತುಂಡಿನಲ್ಲಿ (ಪೋಸ್ಟ್‌ಗ್ರೆಸ್‌ನಲ್ಲಿ ಅದು 8 ಕೆಬಿ, ಮೈಎಸ್‌ಕ್ಯುಎಲ್‌ನ ಇನ್ನೋಡಿಬಿಯಲ್ಲಿ 16 ಕೆಬಿ) ನೂರಾರು ಗುರುತುಗಳನ್ನು ಕ್ರಮವಾಗಿ ಜೋಡಿಸಿ, ‘ಇಲ್ಲಿಂದ ಇಲ್ಲಿಯವರೆಗಿನವು ಆ ತುಂಡಿನಲ್ಲಿವೆ’ ಎಂದು ಬರೆದಿಟ್ಟಿರುತ್ತಾರೆ. ಒಂದು ತುಂಡಿಗೆ 300 ಗುರುತು ಹಿಡಿದರೆ ಒಂದು ಮೆಟ್ಟಿಲಿಗೆ 300, ಎರಡಕ್ಕೆ 90,000, ಮೂರಕ್ಕೆ 2 ಕೋಟಿ 70 ಲಕ್ಷ. ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಗಣಕೀಕರಿಸಿದ ಪಹಣಿಗಳು ಸುಮಾರು 2 ಕೋಟಿ. ಅಷ್ಟನ್ನೂ ಒಂದೇ ಪಟ್ಟಿಯಲ್ಲಿಟ್ಟರೂ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಬೇಕಾದ ದಾಖಲೆಯ ಮುಂದೆ ನಿಂತಿರುತ್ತೇವೆ. ಅಲ್ಲಿಂದ ಪಕ್ಕದ ಇಪ್ಪತ್ತನ್ನು ಓದಿದರಾಯಿತು.

ಈ ರಚನೆ ‘ಇದರ ನಂತರ ಯಾವುದು’ ಎಂಬುದಕ್ಕೆ ಥಟ್ಟನೆ ಉತ್ತರಿಸುತ್ತದೆ, ‘ಇಪ್ಪತ್ತು ಸಾವಿರದ ಒಂದನೆಯದು ಯಾವುದು’ ಎಂದರೆ ತಡವರಿಸುತ್ತದೆ. ಪ್ರತಿ ಕೊಂಬೆಯ ಕೆಳಗೆ ಎಷ್ಟು ದಾಖಲೆಗಳಿವೆ ಎಂಬ ಲೆಕ್ಕವನ್ನು ಸಾಮಾನ್ಯ ಬಿ–ಟ್ರೀ ಇಟ್ಟುಕೊಂಡಿರುವುದಿಲ್ಲ. ಎಷ್ಟನೆಯದೆಂದು ಕೇಳಿದರೆ ಎಣಿಸುತ್ತಾ ಹೋಗುವುದೇ ದಾರಿ. ‘ಒಟ್ಟು 4,812 ಪುಟಗಳು’ ಎಂದು ತೋರಿಸುವುದು ದುಬಾರಿಯಾಗುವುದೂ ಇದರಿಂದಲೇ. ಮುಂದೆ ಇನ್ನೂ ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಅನುಭವಸ್ಥರು ಇಪ್ಪತ್ತರ ಬದಲು ಇಪ್ಪತ್ತೊಂದು ತರಿಸುತ್ತಾರೆ. ಇಪ್ಪತ್ತೊಂದನೆಯದು ಬಂದರೆ ‘ಮುಂದೆ’ ಗುಂಡಿ ಇಡುತ್ತಾರೆ, ಬರದಿದ್ದರೆ ತೆಗೆಯುತ್ತಾರೆ.

ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ)

ಗುರುತು ಹಿಡಿಯುವುದರಲ್ಲೂ ಒಂದು ಸಿಕ್ಕು ಇದೆ. ಪಟ್ಟಿ ಹೆಸರಿನ ಪ್ರಕಾರ ಇದೆ, ಪುಟದ ಕೊನೆಯ ಹೆಸರು ಬಸವರಾಜ ಅಂದುಕೊಳ್ಳಿ. ಈ ಸೀಮೆಯಲ್ಲಿ ಒಬ್ಬನೇ ಬಸವರಾಜ ಇರುವ ಪಟ್ಟಿ ಎಲ್ಲಿದೆ? ‘ಬಸವರಾಜನ ನಂತರದವರು’ ಎಂದು ಕೇಳಿದರೆ ಉಳಿದ ಬಸವರಾಜರೆಲ್ಲ ಹಾರಿಹೋಗುತ್ತಾರೆ. ‘ಬಸವರಾಜನಿಂದ ಹಿಡಿದು’ ಎಂದರೆ ಆಗಲೇ ಕಂಡವರೂ ಮತ್ತೆ ಬರುತ್ತಾರೆ.

ಊರುಗಳ ವಿಷಯದಲ್ಲಿ ಈ ಭಾಗದ ಕಂದಾಯ ದಾಖಲೆಗಳು ಇದನ್ನು ಹಿಂದೆಯೇ ಬಗೆಹರಿಸಿವೆ. ಹುಮನಾಬಾದ್ ತಾಲ್ಲೂಕಿನಲ್ಲಿ ಹಳ್ಳಿಖೇಡ ಎರಡಿವೆ, ಒಂದು (ಬಿ), ಇನ್ನೊಂದು (ಕೆ). ಬೀದರ್ ಜಿಲ್ಲೆಯ ಔರಾದ್ ಕಾಗದಪತ್ರಗಳಲ್ಲಿ ಔರಾದ್ (ಬಿ). ಗಡಿಯಾಚೆ ಲಾತೂರ್ ಜಿಲ್ಲೆಯಲ್ಲಿರುವುದು ಔರಾದ್ ಶಹಾಜಾನಿ. ಜನರ ವಿಷಯದಲ್ಲಿ ‘ಬಸವರಾಜ ತಂದೆ ಶರಣಪ್ಪ’ ಎಂದು ಬರೆಯುವ ರೂಢಿ. ತಂದೆಯ ಹೆಸರೂ ಒಂದೇ ಆದರೆ? ತಂತ್ರಾಂಶ ಅದಕ್ಕಾಗಿಯೇ ಕೊನೆಗೆ, ಎಂದೂ ಎರಡನೆಯವರಿಗೆ ಸಿಗದ ಒಂದು ಕ್ರಮಸಂಖ್ಯೆಯನ್ನು ಜೊತೆಗಿಟ್ಟುಕೊಳ್ಳಬೇಕು. ಆಗ ಪ್ರಶ್ನೆ ಹೀಗಾಗುತ್ತದೆ: ಬಸವರಾಜನಿಗಿಂತ ಮುಂದಿನ ಹೆಸರಿನವರು, ಇಲ್ಲವೇ ಹೆಸರು ಬಸವರಾಜನೇ ಆಗಿದ್ದು ಸಂಖ್ಯೆ 7,315ಕ್ಕಿಂತ ಹೆಚ್ಚಿರುವವರು. ಒಬ್ಬರೂ ತಪ್ಪುವುದಿಲ್ಲ, ಒಬ್ಬರೂ ಎರಡು ಸಲ ಬರುವುದಿಲ್ಲ.

ಅಳಿಸಿದರೂ ಜಾಗ ಬಿಡದ ಹೆಸರು

ಕರ್ಸರ್ ಒಂದೇ ದಾರಿಯಲ್ಲ. ಪಟ್ಟಿಯನ್ನೇ ಅಲುಗಾಡದಂತೆ ಹಿಡಿದಿಟ್ಟರೆ ಪುಟಸಂಖ್ಯೆಯನ್ನೂ ನಂಬಬಹುದು. ಅದಕ್ಕೆ ಒಳ್ಳೆಯ ಮಾದರಿ ಮತದಾರರ ಪಟ್ಟಿ.

ಭಾಲ್ಕಿ ಕ್ಷೇತ್ರದ ಮತದಾರರೆಲ್ಲ ಒಂದೇ ಉದ್ದ ಪಟ್ಟಿಯಲ್ಲಿಲ್ಲ. ಮತಗಟ್ಟೆಗೆ ಒಂದರಂತೆ ಭಾಗಗಳು. ಒಂದು ಮತಗಟ್ಟೆಗೆ 1,500 ಮತದಾರರೆಂಬ ಮಿತಿ ಇತ್ತು, 2025ರಲ್ಲಿ ಚುನಾವಣಾ ಆಯೋಗ ಅದನ್ನು 1,200ಕ್ಕೆ ಇಳಿಸಿತು. ಭಾವಚಿತ್ರವಿರುವ ಪಟ್ಟಿಯ ಒಂದು ಪುಟದಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಹತ್ತು, ಹೀಗೆ ಮೂವತ್ತು ಚೌಕಗಳು. 1,200 ಮತದಾರರಿಗೆ ನಲವತ್ತು ಪುಟ. ಪಕ್ಷಗಳು ‘ಪೇಜ್ ಪ್ರಮುಖ’ರನ್ನು ನೇಮಿಸಿ ಒಬ್ಬೊಬ್ಬರಿಗೆ ಒಂದೊಂದು ಪುಟ ಹಂಚುವುದು ಸಾಧ್ಯವಾಗಿರುವುದು ಈ ಪುಟಗಳು ಕದಲದೆ ಇರುವುದರಿಂದಲೇ.

ಪಟ್ಟಿ ಅಚ್ಚಾದ ಮೇಲೆ ಯಾರೋ ತೀರಿಕೊಂಡರೆ, ಊರು ಬಿಟ್ಟರೆ, ಅವರ ಚೌಕದ ಮೇಲೆ ಅಳಿಸಿದ ಗುರುತು ಬೀಳುತ್ತದೆ. ಚೌಕ ಮಾತ್ರ ಅಲ್ಲೇ ಇರುತ್ತದೆ, ಕೆಳಗಿನವರ ಕ್ರಮಸಂಖ್ಯೆ ಮೇಲಕ್ಕೆ ಸರಿಯುವುದಿಲ್ಲ. ಹೊಸದಾಗಿ ಸೇರಿದವರು ನಡುವೆ ತೂರಿಕೊಳ್ಳದೆ ಪೂರಕ ಪಟ್ಟಿಯಲ್ಲಿ ಕೊನೆಗೆ ಬರುತ್ತಾರೆ. ಮುಂದಿನ ಪರಿಷ್ಕರಣೆಯಲ್ಲಿ ಎಲ್ಲವನ್ನೂ ಕಲೆಸಿ ಮತ್ತೆ ಸಂಖ್ಯೆ ಕೊಡುತ್ತಾರೆ. ಒಂದು ನಿರ್ದಿಷ್ಟ ದಿನದ ಪ್ರತಿಯನ್ನು ಹಿಡಿದಿಟ್ಟು ಅದರ ಮೇಲೆ ಪುಟ ಎಣಿಸುವ ಈ ವಿಧಾನ ತಂತ್ರಾಂಶದಲ್ಲೂ ಉಂಟು. ಮತದಾನದ ಬೆಳಿಗ್ಗೆ ಮತಗಟ್ಟೆಯಲ್ಲಿ ಕೂತವರಿಗೆ ಬೇಕಾದದ್ದು ಇದು, ಗಳಿಗೆಗೊಮ್ಮೆ ಬದಲಾಗುವ ಅರ್ಜಿ ಪಟ್ಟಿಗೆ ಇದು ಒಗ್ಗುವುದಿಲ್ಲ.

ಪುಟ ತಿರುವದೆ ಸಿಗುವ ಪಹಣಿ

ಪಹಣಿಯ ಜಾಲತಾಣ ಮೂರನೆಯ ದಾರಿ ಹಿಡಿದಿದೆ. ಅದು ಉದ್ದ ಪಟ್ಟಿಯನ್ನು ತೋರಿಸಲು ಹೋಗುವುದೇ ಇಲ್ಲ. ಮೊದಲು ಜಿಲ್ಲೆ ಆರಿಸಿ, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಪ್ರತಿ ಹೆಜ್ಜೆಯಲ್ಲೂ ಪಟ್ಟಿ ಕಿರಿದಾಗುತ್ತಾ ಕೊನೆಗೆ ಒಂದೇ ದಾಖಲೆ ಉಳಿಯುತ್ತದೆ. ಶುರುವಿನಲ್ಲಿ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುತ್ತಿದ್ದ ರೈತರೂ ಸರ್ವೆ ನಂಬರನ್ನು ಬಾಯಲ್ಲಿ ಹಿಡಿದುಕೊಂಡೇ ಹೋಗುತ್ತಿದ್ದರು. ಹುಡುಕುವವರಿಗೆ ತಮಗೆ ಬೇಕಾದದ್ದರ ವಿಳಾಸ ಗೊತ್ತಿದ್ದರೆ ಪುಟಗಳ ಅಗತ್ಯವೇ ಬೀಳುವುದಿಲ್ಲ.

ಇದರ ತದ್ವಿರುದ್ಧ ತುದಿಯಲ್ಲಿರುವುದು ಬೆರಳಾಡಿಸಿದಷ್ಟೂ ಬರುತ್ತಲೇ ಇರುವ ಪಟ್ಟಿ. ತಂತ್ರಾಂಶ ವಿನ್ಯಾಸಕ ಏಜಾ ರಾಸ್ಕಿನ್ 2006ರಲ್ಲಿ ರೂಪಿಸಿದ ಈ ಉಪಾಯದಿಂದ ಜನ ಹೊತ್ತಿನ ಪರಿವೆಯಿಲ್ಲದೆ ಪರದೆಗೆ ಅಂಟಿಕೊಂಡದ್ದಕ್ಕೆ ಆಮೇಲೆ ಅವರೇ ಬೇಸರ ಪಟ್ಟುಕೊಂಡರು. ರೀಲ್ಸ್ ನೋಡುವವರಿಗೆ ಎಲ್ಲಿದ್ದೆವೆಂಬುದು ಮುಖ್ಯವಲ್ಲ. ಕಚೇರಿಯ ಕೆಲಸದಲ್ಲಿ ಅದೇ ಮುಖ್ಯ, ನಿನ್ನೆ ಬಿಟ್ಟಲ್ಲಿಂದಲೇ ಇವತ್ತು ಶುರುಮಾಡಬೇಕು.

ಕರ್ಸರಿನಲ್ಲೂ ಕಳೆದುಕೊಳ್ಳುವುದಿದೆ. ನೇರವಾಗಿ ಐವತ್ತನೇ ಪುಟಕ್ಕೆ ಜಿಗಿಯಲಾಗುವುದಿಲ್ಲ, ಹಿಂದಿನ ಪುಟಕ್ಕೆ ಹೋಗಲು ಕ್ರಮವನ್ನು ತಿರುಗಿಸಿ ಇನ್ನೊಮ್ಮೆ ಕೇಳಬೇಕು. ‘ಕೊನೆಯ ಬಾರಿ ತಿದ್ದಿದ ದಿನ’ದಂತೆ ತಾನೇ ಬದಲಾಗುವ ಕಾಲಂ ಮೇಲೆ ಕ್ರಮ ನಿಂತಿದ್ದರೆ ದಾಖಲೆಗಳು ಗುರುತಿನ ಆಚೀಚೆ ಜಿಗಿಯುತ್ತಲೇ ಇರುತ್ತವೆ. ಆದರೆ ಐವತ್ತನೇ ಪುಟ ಬೇಕೆಂದು ಯಾರು ಕೇಳುತ್ತಾರೆ? ಸಾಮಾನ್ಯವಾಗಿ ಕೆಲಸ ಹಂಚಿಕೊಂಡವರು. ಸಾವಿರ ದಾಖಲೆಯ ತಿದ್ದುಪಡಿಗೆ ಮೂವರು ಆಪರೇಟರುಗಳು ಕೂತಾಗ ‘ನೀನು ಒಂದರಿಂದ ಹದಿನೇಳು ಪುಟ, ನೀನು ಹದಿನೆಂಟರಿಂದ’ ಎಂದು ಹಂಚುವುದು ಅಭ್ಯಾಸ. ಮೊದಲನೆಯವನು ಹತ್ತು ದಾಖಲೆ ಮುಗಿಸುವಷ್ಟರಲ್ಲಿ ಎರಡನೆಯವನ ಪುಟಗಳು ಹತ್ತು ಸಾಲು ಮೇಲಕ್ಕೆ ಸರಿದಿರುತ್ತವೆ, ಗಡಿಯಲ್ಲಿದ್ದ ದಾಖಲೆಗಳು ಇಬ್ಬರಿಗೂ ಸೇರದೆ ಉಳಿಯುತ್ತವೆ. ಅದೇ ಕೆಲಸವನ್ನು ‘ನಿನಗೆ ಈ ಹೋಬಳಿ, ನಿನಗೆ ಆ ಹೋಬಳಿ’ ಎಂದು ಹಂಚಿದರೆ ಯಾರ ಪಾಲೂ ಕದಲುವುದಿಲ್ಲ. ಹೋಬಳಿಯ ಹೆಸರು ದಾಖಲೆಯೊಳಗೇ ಬರೆದಿದೆ, ಹದಿನೆಂಟನೇ ಪುಟ ಎಂದು ಯಾವ ದಾಖಲೆಯಲ್ಲೂ ಬರೆದಿಲ್ಲ.